ಏಣಿಯ ಬುಡದಲ್ಲಿ ನಿಂತವನು

ನಾನು ಒಂದು ಬಿದಿರೇಣಿ. ಈಗ ಅರ್ಧ ಏಣಿ ಎನ್ನಬೇಕು. ಮೇಲಿನ ಅರ್ಧ ಎಂದೋ ಒಲೆ ಸೇರಿತು. ನೆನಪೆಲ್ಲ ಕೆಳಗಿನ ಅರ್ಧದಲ್ಲೇ ಇತ್ತೋ ಏನೋ, ಅದು ಮಾತ್ರ ಇನ್ನೂ ಪೂರ್ತಿ ಇದೆ.

ನನ್ನ ಎರಡು ಗಳಗಳು ಯಲ್ಲಾಪುರದ ಕಡೆಯ ಕಾಡಿನವು. ಎರಡೂ ಒಂದೇ ಮೆಳೆಯಲ್ಲಿ ಬೆಳೆದವಲ್ಲ. ಒಂದು ನೆಟ್ಟಗೆ, ಇನ್ನೊಂದು ಬೆಳೆಯುವಾಗಲೇ ತುಸು ಸೊಟ್ಟ. ಮೇದಾರ ಓಣಿಯ ಗೌರವ್ವ ಎಂಬ ಹೆಂಗಸು ಅವೆರಡನ್ನೂ ಪಕ್ಕಪಕ್ಕ ಮಲಗಿಸಿ, ಕೆಂಪಗೆ ಕಾಸಿದ ಕಬ್ಬಿಣದ ಸಲಾಕೆಯಿಂದ ತೂತು ಸುಟ್ಟಳು. ಸುಟ್ಟ ತೂತುಗಳಲ್ಲಿ ಅಡ್ಡ ತುಂಡುಗಳನ್ನು ಬಡಿದು ಕೂರಿಸಿ ತಂತಿ ಬಿಗಿದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ತಾನೇ ಅರ್ಧದವರೆಗೆ ಹತ್ತಿ, ಅಲ್ಲಿ ನಿಂತು ಎರಡು ಸಲ ಜಗ್ಗಿ ಕುಪ್ಪಳಿಸಿದಳು.

“ನನ್ನ ತಡಕೊಂತಂದ್ರ ಯಾರ್ನೂ ತಡೀತೈತಿ ತಗೋ,” ಎಂದು ಗಂಡನಿಗೆ ಹೇಳಿದಳು. ಅಷ್ಟೇ ನನ್ನ ಹುಟ್ಟುಹಬ್ಬ.

ಆ ಸೊಟ್ಟ ಗಳದಿಂದಾಗಿ ನನಗೊಂದು ಚಾಳಿ ಉಳಿಯಿತು. ಎಲ್ಲಿ ಒರಗಿಸಿದರೂ ಕೂದಲೆಳೆಯಷ್ಟು ಎಡಕ್ಕೆ ವಾಲುತ್ತಿದ್ದೆ. ಹತ್ತುವವನಿಗೆ ಅದು ಗೊತ್ತಾಗದಿದ್ದರೂ ನಡೆಯುತ್ತದೆ. ಕೆಳಗೆ ಹಿಡಿಯುವವನಿಗೆ ಗೊತ್ತಿರಬೇಕು.

ನನ್ನನ್ನು ಕೊಂಡದ್ದು ಹಾವೇರಿ ಸೀಮೆಯ ಹೊಂಬಳ್ಳಿ ಎಂಬ ಸಣ್ಣ ಊರಿನ ಕರೆಂಟ್ ಆಫೀಸು. ಅಂಗಳದಲ್ಲೊಂದು ಬೇವಿನ ಮರ, ಅದರ ಬುಡದಲ್ಲಿ ಸುಟ್ಟುಹೋದ ಟ್ರಾನ್ಸ್‌ಫಾರ್ಮರುಗಳು, ತುಂಡು ತಂತಿಯ ಸಿಂಬಿಗಳು. ಆ ಮರಕ್ಕೆ ಒರಗಿಕೊಂಡೇ ನನ್ನ ಬಹುಪಾಲು ಆಯುಷ್ಯ ಕಳೆಯಿತು. ಏಣಿಗೆ ಮನುಷ್ಯರು ಮೊದಲು ಪಾದಗಳಾಗಿ ಪರಿಚಯವಾಗುತ್ತಾರೆ, ಆಮೇಲೆ ಕೈಗಳಾಗಿ. ಮುಖ ಕೊನೆಗೆ. ಹೀಗಾಗಿ ಆ ಆಫೀಸಿನ ಸಾಹೇಬರುಗಳ್ಯಾರೂ ನನಗೆ ಸರಿಯಾಗಿ ಗೊತ್ತಿಲ್ಲ. ಅವರು ನನ್ನನ್ನು ಹತ್ತಿದವರಲ್ಲ, ಹಿಡಿದವರೂ ಅಲ್ಲ. ನನಗೆ ಗೊತ್ತಿದ್ದವರು ಇಬ್ಬರು. ಲೈನ್‌ಮನ್ ಗುಡ್ಡಪ್ಪ ಮತ್ತು ಅವನ ಜೊತೆಯ ದಾವಲಸಾಬ.

ಗುಡ್ಡಪ್ಪ ಹತ್ತುವವನು. ತೆಳ್ಳಗೆ, ಉದ್ದಕ್ಕೆ, ಮಾತು ಕಡಿಮೆ. ದಾವಲಸಾಬ ಅವನಿಗಿಂತ ಐದು ವರ್ಷ ಚಿಕ್ಕವನು, ಅವನೆಷ್ಟು ಉದ್ದವೋ ಇವನಷ್ಟು ಗಿಡ್ಡ, ಎದೆ ಅಗಲ. ಇವನು ಹಿಡಿಯುವವನು. ಇಬ್ಬರೂ ಒಂದೇ ಮೊಪೆಡ್ಡಿನ ಮೇಲೆ ಹೋಗುತ್ತಿದ್ದರು. ಗುಡ್ಡಪ್ಪ ಮುಂದೆ ಕೂತು ಗಾಡಿ ಬಿಡುತ್ತಿದ್ದ. ಹಿಂದೆ ಕೂತ ದಾವಲ ನನ್ನ ಎರಡು ಮೆಟ್ಟಿಲ ನಡುವೆ ತಲೆ ತೂರಿಸಿ ನನ್ನನ್ನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದ. ನನ್ನ ಬಾಲ ಹಿಂದೆ ರಸ್ತೆಯ ಮೇಲೆ ಓಲಾಡುತ್ತಿತ್ತು, ಮೂತಿ ಗುಡ್ಡಪ್ಪನ ತಲೆಗಿಂತ ಮುಂದೆ ಚಾಚಿರುತ್ತಿತ್ತು. ಸಂತೆಯ ದಿನ ಎದುರಿನಿಂದ ಎತ್ತಿನ ಗಾಡಿ ಬಂದರೆ ದಾವಲ ಹಿಂದಿನಿಂದಲೇ ಕೂಗುತ್ತಿದ್ದ: “ಸರೀರ್ಯಪ್ಪೋ, ರೈಲು ಬಂತು!”

ಇವರ ಜೋಡಿ ಕುದುರಿದ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಗುಡ್ಡಪ್ಪನಿಗೆ ಎತ್ತರವೆಂದರೆ ಭಯ. ನೌಕರಿ ಸಿಕ್ಕಿದ ಹೊಸದರಲ್ಲಿ ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿದ್ದರೆ ಲೈನ್‌ಮನ್ ಕೆಲಸಕ್ಕೆ ಬಂದದ್ದೇಕೆ ಎಂದು ನಗುತ್ತಿದ್ದರು. ಅಂದು ಗೌಡರ ಓಣಿಯ ಕಂಬಕ್ಕೆ ನನ್ನನ್ನು ಒರಗಿಸಿ ಹತ್ತತೊಡಗಿದ. ಮುಕ್ಕಾಲು ದೂರ ಹತ್ತಿದವನು ಅಲ್ಲೇ ನಿಂತುಬಿಟ್ಟ. ಅವನ ಮೊಣಕಾಲು ನನ್ನ ಮೆಟ್ಟಿಲಿಗೆ ಟಕಟಕನೆ ತಾಗುತ್ತಿತ್ತು. ಮೇಲೆ ಹೋಗಲಾರ, ಕೆಳಗೆ ಇಳಿಯಲಾರ. ಓಣಿಯ ಜನ ಕತ್ತೆತ್ತಿ ನೋಡುತ್ತಿದ್ದರು.

ಕೆಳಗಿದ್ದ ದಾವಲ ಅಂಜಬ್ಯಾಡ ಎನ್ನಲಿಲ್ಲ, ಇಳಿದು ಬಾ ಎಂದೂ ಅನ್ನಲಿಲ್ಲ. ಬೀಡಿ ಕೇಳುವವನ ಹಾಗೆ ಸಲೀಸಾಗಿ, “ಗುಡ್ಡಣ್ಣ, ಅಲ್ಲಿಂದ ನಮ್ಮ ಮನಿ ಕಾಣತೈತೇನು ನೋಡು,” ಎಂದ.

“ಯಾವ್ದು?” ಗುಡ್ಡಪ್ಪ ಕೇಳಿದ.

“ಹಸರು ಬಾಗಲದ್ದು. ಮಸೂತಿ ಹಿಂದ. ಮಾಳಗಿ ಮ್ಯಾಲೆ ನನ್ನ ನೀಲಿ ಅಂಗಿ ಒಣ ಹಾಕ್ಯಾಳೇನು ನೋಡೋ ಮಾರಾಯಾ. ನಾಳೆ ಮದಿವಿಗೆ ಹೋಗಬೇಕು, ಇದ್ದದ್ದ ಅದೊಂದು ಅಂಗಿ.”

“ಕಾಣವಲ್ದು.”

“ಎರಡ ಪಾವಟಿಗಿ ಏರು, ಕಾಣತೈತಿ.”

ಗುಡ್ಡಪ್ಪ ಏರಿದ. ಮನೆ ಕಂಡಿತು. ಅಂಗಿ ಒಣಹಾಕಿರಲಿಲ್ಲ. “ಹಾಕಿಲ್ಲೋ!” ಎಂದು ಮೇಲಿಂದ ಕೂಗಿ ಹೇಳಿದ. “ಹಂಗಾರ ನನ್ನ ಕತಿ ಮುಗೀತು,” ಎಂದು ದಾವಲ ಕೆಳಗಿನಿಂದ ಅಂದ. ಅಷ್ಟರಲ್ಲಿ ಗುಡ್ಡಪ್ಪನ ಕೈ ತಂತಿಗೆ ಎಟುಕಿತ್ತು.

ಅಂದಿನಿಂದ ಅದೇ ರೂಢಿಯಾಯಿತು. ಗುಡ್ಡಪ್ಪ ಮೊದಲ ಮೆಟ್ಟಿಲಿಗೆ ಕಾಲಿಡುತ್ತಲೇ ದಾವಲನ ಮಾತು ಶುರು. ಮಗಳು ಶಾಲೆಯಲ್ಲಿ ಹಾಡು ಹೇಳಿ ಪೆನ್ಸಿಲ್ ಗೆದ್ದದ್ದು, ಮಾವನ ಆಡು ಪಂಚಾಯ್ತಿ ಆಫೀಸಿಗೆ ನುಗ್ಗಿದ್ದು, ಹೆಂಡತಿ ಬೀಬಿಜಾನ ಬದನೆಕಾಯಿಗೆ ಏನು ಹಾಕುತ್ತಾಳೆ ಎಂಬುದು. ಮಾತು ಕೆಳಗಿನಿಂದ ಮೇಲೆ ಹೋಗುತ್ತಿತ್ತು. ಅರ್ಧವನ್ನು ಗಾಳಿ ಒಯ್ಯುತ್ತಿತ್ತು, ಅರ್ಧ ಗುಡ್ಡಪ್ಪನಿಗೆ ಕೇಳುತ್ತಿತ್ತು. ಪೂರ್ತಿ ಕೇಳಿಸಿಕೊಂಡವನು ನಾನೊಬ್ಬನೇ. ದಾವಲನ ಎರಡು ಅಂಗೈ ನನ್ನ ಗಳಗಳ ಮೇಲೆ, ಬಲಗಾಲ ಬೂಟು ನನ್ನ ಸೊಟ್ಟ ಗಳದ ಬುಡಕ್ಕೆ ಒತ್ತಿಕೊಂಡು. ಬಾಯಿ ಎಲ್ಲಿಗೇ ಹೋಗಲಿ, ಆ ಕಾಲು ಮಾತ್ರ ಅಲ್ಲಿಂದ ಕದಲುತ್ತಿರಲಿಲ್ಲ.

ಕೆಲಸ ಮುಗಿದು ಕರೆಂಟು ಬಂದಾಗ ಓಣಿಯೆಲ್ಲ “ಬಂತೂ!” ಎಂದು ಕೂಗುತ್ತಿತ್ತು. ಆಗ ದಾವಲ ಟೋಪಿ ತೆಗೆದು, ತಾನೇ ತಂದುಕೊಟ್ಟವನ ಹಾಗೆ ನಾಲ್ಕೂ ಕಡೆಗೆ ಸಲಾಮು ಹೊಡೆಯುತ್ತಿದ್ದ. ಮಜ್ಜಿಗೆಯ ತಂಬಿಗೆ ಅವನ ಕೈಗೇ ಬರುತ್ತಿತ್ತು, “ದಾವಲಣ್ಣ, ದಾವಲಣ್ಣ” ಎಂದು ಹುಡುಗರು ಅವನಿಗೇ ಜೋತುಬೀಳುತ್ತಿದ್ದರು. ತಂತಿ ಬಿಗಿದು ಇಳಿದ ಗುಡ್ಡಪ್ಪ ಕಂಬದ ಆಚೆ ಬೆಲ್ಟು ಬಿಚ್ಚುತ್ತಿರುತ್ತಿದ್ದ, ಯಾರ ಕಣ್ಣಿಗೂ ಬೀಳದೆ. ಅವನಿಗೆ ಅದು ಹಿತವಾಗಿತ್ತು. ಈಚೆ ಬಂದಾಗ ತಂಬಿಗೆಯಲ್ಲಿ ಅರ್ಧ ಮಜ್ಜಿಗೆ ಉಳಿದಿರುತ್ತಿತ್ತು.

ಹೀಗೆ ಹನ್ನೊಂದು ವರ್ಷ.

ಆ ದಿನ ಶ್ರಾವಣದ್ದು. ಹೊಂಬಳ್ಳಿಯ ಆಚೆ ಹತ್ತಿ ಹೊಲಗಳ ನಡುವೆ ಪಂಪ್‌ಸೆಟ್ಟಿಗೆ ಹೋಗುವ ಲೈನಿನಲ್ಲಿ ತಂತಿ ಸಡಿಲಾಗಿತ್ತು. ಇಬ್ಬರೂ ಲೈನ್ ಬಂದ್ ಮಾಡಿಸಿಕೊಂಡು ಬೆಳಗಿನ ಬಿಸಿಲಿಗೇ ಹೋದರು. ರಸ್ತೆಯ ಮೇಲೆ ಗಾಡಿ ನಿಲ್ಲಿಸಿ, ನನ್ನನ್ನು ಹೊತ್ತು ಬದುವಿನ ಗುಂಟ ಬಹಳ ದೂರ ನಡೆದರು. ಆಚೆ ಹೊಲದಲ್ಲಿ ಇಬ್ಬರು ಹೆಂಗಸರು ಕಳೆ ತೆಗೆಯುತ್ತಿದ್ದರು. ಬೇರೆ ಯಾರೂ ಇರಲಿಲ್ಲ.

ಗುಡ್ಡಪ್ಪ ಹತ್ತಿದ. ದಾವಲ ಆ ಬೆಳಿಗ್ಗೆ ಮನೆಯಲ್ಲಾದ ಜಗಳದ ಕತೆ ತೆಗೆದಿದ್ದ. ಬರುವ ಶುಕ್ರವಾರ ಆಫೀಸಿನ ಎಂಟು ಮಂದಿಯನ್ನು ಊಟಕ್ಕೆ ಕರೆದು, ಅದನ್ನು ಹೆಂಡತಿಗೆ ಹೇಳಲು ಮರೆತಿದ್ದನಂತೆ. ಬೀಬಿಜಾನಳ ದನಿ ತೆಗೆದು ಅವಳು ಬೈದದ್ದನ್ನೆಲ್ಲ ಆಡಿ ತೋರಿಸಿದ. ಮೇಲೆ ಗುಡ್ಡಪ್ಪ ನಗುವುದು ನನ್ನ ಮೆಟ್ಟಿಲುಗಳಿಗೆ ತಿಳಿಯುತ್ತಿತ್ತು.

“ಅದಕ್ಕ ನಾ ಏನಂದೆ ಅಂದ್ರ, ಗುಡ್ಡಣ್ಣ…” ಎಂದ ದಾವಲ. ಅಲ್ಲಿಗೆ ಮಾತು ನಿಂತಿತು.

“ಏನಂದಿ?” ಗುಡ್ಡಪ್ಪ ಮೇಲಿಂದ ಕೇಳಿದ.

ಗಳಗಳ ಮೇಲಿದ್ದ ದಾವಲನ ಅಂಗೈ ಒದ್ದೆಯಾಗಿ ತಣ್ಣಗಾಗಿತ್ತು. ತುಸು ಹೊತ್ತಿಗೆ, “ಇಳದ ಬಾ ಗುಡ್ಡಣ್ಣ. ಸಾವಕಾಶ ಇಳಿ,” ಎಂದ.

ಗುಡ್ಡಪ್ಪ ಇದು ಊಟದ ಹೊತ್ತು ಮುಂದೆ ತರುವ ಆಟವೆಂದುಕೊಂಡ. ಅಂಥ ಆಟ ದಾವಲ ಎಷ್ಟೋ ಸಲ ಆಡಿದ್ದುಂಟು. “ತಡಿಯೋ, ಇನ್ನ ಎರಡ ಸುತ್ತು ಅದಾವ,” ಎಂದು ತಂತಿ ಸುತ್ತತೊಡಗಿದ.

ಕೆಳಗೆ ಕೈಗಳು ನನ್ನನ್ನು ಬಿಟ್ಟವು. ಬಿಟ್ಟವನು ಪಕ್ಕಕ್ಕೆ ಹೋಗಲಿಲ್ಲ. ತಿರುಗಿ, ನನಗೆ ಬೆನ್ನು ಕೊಟ್ಟು, ಹಾಗೇ ಜಾರುತ್ತ ನೆಲಕ್ಕೆ ಕೂತ. ಎರಡೂ ಹಿಮ್ಮಡಿಗಳನ್ನು ಮಣ್ಣಿಗೆ ಊರಿ ಬೆನ್ನಿನಿಂದ ನನ್ನನ್ನು ಕಂಬಕ್ಕೆ ಒತ್ತಿ ಹಿಡಿದ. ಆ ಭಾರ ನನಗೆ ಹೊಸದು. ನಾನು ಎಡಕ್ಕೆ ವಾಲಲಿಲ್ಲ.

ಗುಡ್ಡಪ್ಪ ಎರಡು ಸುತ್ತು ಮುಗಿಸಿ ಇಳಿದ. ಇಳಿಯುತ್ತಲೇ, “ಕುಂತೀಯೇನಲೇ? ನಾ ಬಿದ್ದಿದ್ರ?” ಎಂದು ರೇಗಿದ. ಆಮೇಲೆ ಅವನ ಮುಖ ನೋಡಿದ.

ಕಳೆ ತೆಗೆಯುವ ಹೆಂಗಸರು ಕೂಗು ಕೇಳಿ ಓಡಿ ಬಂದರು. ಗುಡ್ಡಪ್ಪನಿಗೆ ಏನೂ ತೋಚಲಿಲ್ಲ. ಅವರಲ್ಲಿ ಹಿರಿಯಳು, “ನಿಂತೀಯಲ್ಲಪಾ, ಏಣಿ ಮಲಗಸು!” ಎಂದು ಗದರಿದಳು. ನನ್ನನ್ನು ನೆಲಕ್ಕೆ ಮಲಗಿಸಿದರು. ಗುಡ್ಡಪ್ಪನ ತಲೆಯ ಮೇಲಿನ ಪಟಗ, ಹೆಂಗಸರ ಹೊದಿಕೆ ಹಾಸಿ ದಾವಲನನ್ನು ನನ್ನ ಮೇಲೆ ಎತ್ತಿ ಇಟ್ಟರು. ಮುಂದೆ ಗುಡ್ಡಪ್ಪ, ಹಿಂದೆ ಇಬ್ಬರು ಹೆಂಗಸರು. ಬದುವಿನ ಮೇಲೆ ಓಡಿದರು. ಹತ್ತಿ ಗಿಡಗಳು ನನ್ನ ಎರಡೂ ಬದಿಗೆ ಬಡಿಯುತ್ತಿದ್ದವು. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಹೃದಯ ನಿಂತಿತು ಎಂದರು. ಅವನಿಗೆ ಮೂವತ್ತಾರು.

ಆ ಶುಕ್ರವಾರ ಹಸಿರು ಬಾಗಿಲ ಮನೆಗೆ ಬಂದವರು ಎಂಟು ಮಂದಿಯಲ್ಲ, ಊರಿಗೆ ಊರೇ ಬಂದಿತ್ತಂತೆ. ನಾನು ನೋಡಲಿಲ್ಲ. ನನ್ನನ್ನು ತೊಳೆದು ಬೇವಿನ ಮರಕ್ಕೆ ಒರಗಿಸಿದ್ದರು.

ಲೈನ್‌ಮನ್ನನ ಮನೆಯಲ್ಲಿ ಹೆಂಡತಿ ಮಕ್ಕಳು ಪ್ರತಿ ಸಂಜೆ ಒಂದು ಭಯ ಇಟ್ಟುಕೊಂಡೇ ಕಾಯುತ್ತಾರೆ. ತಂತಿ, ಕಂಬ, ಏಣಿ, ಇವುಗಳ ಭಯ. ದಾವಲನ ಸಾವು ಇದಾವುದರಿಂದಲೂ ಬರಲಿಲ್ಲ. ಅವನು ಹತ್ತಿದವನೇ ಅಲ್ಲ. ನೆಲದ ಮೇಲೆ ನಿಂತವನು ಹೋದ. ಇದನ್ನು ಯಾರ ಮೇಲೆ ಹಾಕಬೇಕೆಂದು ಆಫೀಸಿನಲ್ಲಿ ಯಾರಿಗೂ ತಿಳಿಯಲಿಲ್ಲ. ಕೆಲವು ತಿಂಗಳು ಪ್ರತಿಯೊಂದು ಮಾತು “ದಾವಲ ಇದ್ದಿದ್ರ” ಎಂದು ಶುರುವಾಗುತ್ತಿತ್ತು. ಆಮೇಲೆ ಕಡಿಮೆಯಾಯಿತು.

ಗುಡ್ಡಪ್ಪ ಕಂಬ ಹತ್ತುವುದು ಬಿಟ್ಟ. ಬಿಟ್ಟೆ ಎಂದು ಹೇಳಲಿಲ್ಲ. ಮೊಣಕಾಲು ನೋವು ಎಂದ. ಸಾಹೇಬರು ಅವನನ್ನು ಫೋನಿನ ಹತ್ತಿರ ಕೂರಿಸಿದರು. ಜನ ಕರೆಂಟು ಹೋಯಿತೆಂದು ಹೇಳಿದ್ದನ್ನು ಕೇಳಿಸಿಕೊಂಡು ಬೇರೆಯವರನ್ನು ಕಳಿಸುವ ಕೆಲಸ. ನನ್ನನ್ನು ಈಗ ಹೊಸ ಹುಡುಗರು ಒಯ್ಯುತ್ತಿದ್ದರು. ಗಟ್ಟಿ ಕಾಲು, ಗಟ್ಟಿ ಕೈ, ಕಿವಿಯಲ್ಲಿ ಹಾಡಿನ ತಂತಿ. ಕೆಳಗೆ ಹಿಡಿದವನು ಮೊಬೈಲು ನೋಡುತ್ತಿದ್ದ. ಕೆಲಸವೇನೋ ಆಗುತ್ತಿತ್ತು. ಗುಡ್ಡಪ್ಪ ಅಂಗಳ ದಾಟುವಾಗ ನನ್ನ ಕಡೆ ನೋಡದೆ, ಬಾವಿಯ ಕಡೆಯಿಂದ ಸುತ್ತಿ ಹೋಗುತ್ತಿದ್ದ.

ಮುಂದಿನ ವರ್ಷ ಬೀಬಿಜಾನಳಿಗೆ ಗಂಡನ ಜಾಗದ ಲೆಕ್ಕದಲ್ಲಿ ಅದೇ ಆಫೀಸಿನಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಕಸ ಗುಡಿಸುವುದು, ಕಾಗದ ಒಯ್ಯುವುದು, ಮಧ್ಯಾಹ್ನ ಎಲ್ಲರಿಗೂ ಚಹ. ಗಂಡ ಅಷ್ಟೆಲ್ಲ ದನಿ ತೆಗೆದು ಅಣಕಿಸಿದ್ದ ಹೆಂಗಸನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಅವಳ ದನಿ ಅವನು ತೆಗೆಯುತ್ತಿದ್ದಷ್ಟು ಸಣ್ಣಗಿರಲಿಲ್ಲ, ದಪ್ಪಗಿತ್ತು.

ಗುಡ್ಡಪ್ಪ ಅವಳ ಕಣ್ಣು ತಪ್ಪಿಸುತ್ತಿದ್ದ. ಹಾಗೇ ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಅವನು ಬೇವಿನ ನೆರಳಿಗೆ, ನನಗೆ ಬೆನ್ನು ಹಾಕಿ, ಡಬ್ಬಿ ಬಿಚ್ಚಿಕೊಂಡು ಕೂತಿದ್ದ. ಅವಳು ಬಂದು ಎದುರಿಗೆ ಕೂತಳು.

“ಅಣ್ಣಾರ, ಒಂದ ಮಾತ ಕೇಳತೀನಿ. ಖರೇ ಹೇಳಬೇಕು.”

ಅವನು ರೊಟ್ಟಿ ಕೆಳಗಿಟ್ಟ.

“ಅವತ್ತ ಅವರು ಸಿಟ್ನ್ಯಾಗ ಇದ್ರೇನು? ನನ್ನ ಮ್ಯಾಲೆ? ಡಬ್ಬಿ ಬಿಟ್ಟು ಹೋಗಿದ್ರು. ನಾ ಸೈತ ಬಾಗಲ ತನಕಾ ಹೋಗಿ ಕರೀಲಿಲ್ಲ.”

“ಸಿಟ್ಟಾ? ದಾವಲಂಗಾ?” ಗುಡ್ಡಪ್ಪ ಅವಳ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. “ಇಲ್ಲ ತಂಗೀ. ಡಬ್ಬಿ ಬಿಟ್ಟು ಬಂದಿದ್ದಲ್ಲ, ಮರತು ಬಂದಿದ್ದ. ಅರ್ಧ ಹಾದಿಗೆ ನೆನಪಾತು. ಹೊಳ್ಳಿ ಹೋಗೂಣೇನೋ ಅಂದೆ. ಬ್ಯಾಡ, ಆಕಿ ನಗತಾಳ ಅಂದ. ಹೊಲದಾಗ ನಿನ್ನ ದನಿ ತಗದು, ನೀ ಬೈದಿದ್ದೆಲ್ಲಾ ಹೇಳಿ ನನ್ನ ನಗಸ್ತಿದ್ದ.”

ಬೀಬಿಜಾನ ಸೆರಗು ಬಾಯಿಗೆ ಒತ್ತಿಕೊಂಡಳು. ಒಂದು ವರ್ಷ ಎದೆಯಲ್ಲಿ ಹೊತ್ತುಕೊಂಡದ್ದು ಅಲ್ಲೇ ಆ ನೆರಳಲ್ಲಿ ಇಳಿಯಿತು. ಅಲ್ಲಿಗೆ ಗುಡ್ಡಪ್ಪ ಸುಮ್ಮನಾಗಬಹುದಿತ್ತು. ಸುಮ್ಮನಿದ್ದರೆ ಅವಳು ಎದ್ದು ಹೋಗುತ್ತಿದ್ದಳು, ಇಬ್ಬರಿಗೂ ಸಲೀಸಾಗುತ್ತಿತ್ತು.

“ಇನ್ನೊಂದು ಐತಿ, ತಂಗೀ,” ಎಂದ. “ಅವ ಇಳದ ಬಾ ಅಂದಿದ್ದ. ನಾ ಆಟ ಮಾಡ್ತಾನ ಅಂತ ತಿಳದೆ. ಇನ್ನ ಎರಡ ಸುತ್ತು ಅದಾವ ಅಂದು ಸುತ್ತಿ ಬಂದೆ.”

ಅವಳು ಬಾಯಿಗೆ ಒತ್ತಿದ್ದ ಸೆರಗು ತೆಗೆದಳು. ಆಮೇಲೆ, “ಎರಡ ಸುತ್ತು ಅಂದ್ರ ಎಷ್ಟ ಹೊತ್ತು?” ಎಂದಳು.

ಗುಡ್ಡಪ್ಪ ಡಬ್ಬಿ ಪಕ್ಕಕ್ಕೆ ಸರಿಸಿದ. ಎರಡೂ ಕೈ ಎತ್ತಿದ. ಎಡಗೈಯಲ್ಲಿ ಇಲ್ಲದ ತಂತಿಯನ್ನು ಹಿಡಿದು, ಬಲಗೈಯಿಂದ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಬಿಗಿದ. ಮತ್ತೊಂದು ಸುತ್ತು ಸುತ್ತಿ ಬಿಗಿದ. ಇಲ್ಲದ ಇಕ್ಕಳವನ್ನು ಜೇಬಿಗೆ ಹಾಕಿದ. ಬೀಬಿಜಾನ ಕಣ್ಣು ಮಿಟುಕಿಸದೆ ಕೊನೆಯವರೆಗೂ ಆ ಕೈಗಳನ್ನೇ ನೋಡಿದಳು.

“ಅಷ್ಟ?”

“ಅಷ್ಟ.”

ಎದ್ದು ಒಳಗೆ ಹೋದಳು. ಅವನ ರೊಟ್ಟಿಯನ್ನು ಆ ದಿನ ಕಾಗೆ ತಿಂದಿತು.

ಅಷ್ಟು ಹೊತ್ತು ಉಳಿದಿದ್ದರೆ ಏನಾದರೂ ಆಗುತ್ತಿತ್ತೇ, ಬೇಗ ಇಳಿದಿದ್ದರೆ ಟ್ರ್ಯಾಕ್ಟರ್ ಬೇಗ ಸಿಗುತ್ತಿತ್ತೇ, ನನಗೆ ತಿಳಿಯದು. ಅವಳ ಸಿಟ್ಟು ಮಾತ್ರ ಕಾಣುತ್ತಿತ್ತು. ಕಿಟಕಿ ಅಂಗಳಕ್ಕೆ ತೆರೆದಿದ್ದರಿಂದ ಒಳಗಿನದು ನನಗೆ ಗೊತ್ತಾಗುತ್ತಿತ್ತು. ಮಧ್ಯಾಹ್ನದ ಚಹವನ್ನು ಎಲ್ಲರ ಕೈಗೂ ಕೊಡುತ್ತಿದ್ದಳು. ಗುಡ್ಡಪ್ಪನ ಲೋಟವನ್ನು ಮಾತ್ರ ಮೇಜಿನ ತುದಿಗಿಟ್ಟು ಹೋಗುತ್ತಿದ್ದಳು. ಅವನು ಅದನ್ನು ತಣ್ಣಗಾದ ಮೇಲೆ ಕುಡಿಯುತ್ತಿದ್ದ. ದಸರೆ ಹೋಯಿತು, ಸಂಕ್ರಾಂತಿ ಹೋಯಿತು, ಉರುಸೂ ಹೋಯಿತು. ಲೋಟ ಮೇಜಿನ ತುದಿಯಲ್ಲೇ ಇತ್ತು.

ಆಮೇಲೆ ಬೇಸಿಗೆಯ ಕೊನೆಗೆ ಒಂದು ಸಂಜೆ ಅಡ್ಡಮಳೆ ಹೊಡೆಯಿತು. ಗಾಳಿಗೆ ಊರ ತುಂಬ ಮರ ಬಿದ್ದು ತಂತಿ ಕಡಿದವು. ಇದ್ದ ಹುಡುಗರೆಲ್ಲ ಇನ್ನೊಂದು ಏಣಿ ತೆಗೆದುಕೊಂಡು ಹಳ್ಳಿಗಳ ಕಡೆ ಹೋಗಿದ್ದರು. ಮಳೆ ನಿಲ್ಲುವ ಹೊತ್ತಿಗೆ ಫೋನು ಬಂತು. ಆಫೀಸಿನ ಹಿಂದಿನ ಓಣಿಯ ಡಾಕ್ಟರ ಮನೆಯಿಂದ. ಉಬ್ಬಸದ ಮಗುವೊಂದನ್ನು ತಂದಿದ್ದಾರೆ, ಮಶೀನು ಹಚ್ಚಬೇಕು, ಕರೆಂಟಿಲ್ಲ. ಕಂಬದ ಮೇಲಿನ ತಂತಿ ಬಿಚ್ಚಿ ಜೋತಾಡುತ್ತಿದೆ.

ಗುಡ್ಡಪ್ಪ ಹುಡುಗರಿಗೆ ಫೋನು ಹಚ್ಚಿದ. ಅವರು ಹೊಳೆಯಾಚೆ ಇದ್ದರು.

“ಯಾರೂ ಇಲ್ಲ,” ಎಂದ, ಫೋನಿಗೋ ಬೀಬಿಜಾನಳಿಗೋ.

“ನೀವ ಅದೀರಲ್ಲ,” ಎಂದಳು ಬೀಬಿಜಾನ. ಎಷ್ಟೋ ತಿಂಗಳ ಮೇಲೆ ಅವನಿಗೆ ಆಡಿದ ಮಾತು.

“ಏಣಿ ಹಿಡಿಯಾವ್ರು ಬೇಕಲ್ಲ.”

ಅವಳು ಸೆರಗು ಸೊಂಟಕ್ಕೆ ಬಿಗಿದು ಅಂಗಳಕ್ಕೆ ಬಂದು ನನ್ನ ಒಂದು ತುದಿ ಎತ್ತಿದಳು. “ಹಿಂದಿಂದು ನೀವ ಹಿಡೀರಿ.”

ಗುಡ್ಡಪ್ಪ ಲೈನ್ ಬಂದ್ ಮಾಡಿಸಿದ, ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ, ಬೆಲ್ಟು ಬಿಗಿದ. ಕಂಬಕ್ಕೆ ನನ್ನನ್ನು ಒರಗಿಸಿದರು. ಗಂಡ ಇಡುತ್ತಿದ್ದ ಜಾಗದಲ್ಲೇ ಅವಳೂ ಕಾಲಿಟ್ಟಳು ಎಂದು ಹೇಳಿದರೆ ಕತೆ ಚೆಂದವಾಗುತ್ತದೆ. ಹಾಗಾಗಲಿಲ್ಲ. ತಪ್ಪು ಕಡೆ ಇಟ್ಟಳು, ನಾನು ಎಡಕ್ಕೆ ಜಾರಿದೆ, ಗುಡ್ಡಪ್ಪ ತಡೆದು ಎಲ್ಲಿ ಇಡಬೇಕೆಂದು ತೋರಿಸಿದ. ಅವಳ ಚಪ್ಪಲಿ ಕೆಸರಿನಲ್ಲಿ ನಿಲ್ಲಲಿಲ್ಲ. ಬಿಚ್ಚಿ ಎಸೆದು ಬರಿಗಾಲನ್ನು ಒತ್ತಿದಳು.

ಹತ್ತಿದ. ಅರ್ಧಕ್ಕೆ ನಿಂತ. ಮೊಣಕಾಲು ಮತ್ತೆ ನನ್ನ ಮೆಟ್ಟಿಲಿಗೆ ಟಕಟಕನೆ ತಾಗತೊಡಗಿತು. ಕೆಳಗೆ ಮಾತಿಲ್ಲ. ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು. ಡಾಕ್ಟರ ಮನೆಯೊಳಗೆ ಆ ಮಗು ಎಳೆಯುವ ಉಸಿರು ಬೀದಿಗೆ ಕೇಳುತ್ತಿತ್ತು.

“ಅಣ್ಣಾರ,” ಎಂದಳು ಬೀಬಿಜಾನ. “ನನ್ನ ದನಿ ಹೆಂಗ ತಗೀತಿದ್ರು ಅವರು?”

“ಈಗೇನವಾ ಅದು…”

“ಈಗ. ತಗದ ತೋರಸ್ರಿ.”

ಗುಡ್ಡಪ್ಪ ಜೀವಮಾನದಲ್ಲಿ ಯಾರನ್ನೂ ಅಣಕಿಸಿದವನಲ್ಲ. ಗಂಟಲು ಸರಿಮಾಡಿಕೊಂಡ. ಒಂದು ಮೆಟ್ಟಿಲು ಏರಿದ. ಸಣ್ಣ ದನಿ ತೆಗೆದು, ಕಂಬದ ಕಡೆ ಮುಖ ಮಾಡಿಯೇ, “‘ಎಂಟ ಮಂದಿ! ಊಟಕ್ಕ ಎಂಟ ಮಂದೀನ ಕರದು ಬಂದೀರಿ, ಮನ್ಯಾಗ ಇರೂವು ಐದ ತಾಟು!’” ಎಂದ. ಇನ್ನೊಂದು ಮೆಟ್ಟಿಲು ಏರಿದ. “‘ಉಳದ ಮೂರ ಮಂದಿ ನಿಮ್ಮ ಟೋಪಿಯೊಳಗ ಉಣ್ತಾರೇನು?’”

“ನಾ ಹಂಗ ಅಂದಿಲ್ಲ!” ಕೆಳಗಿನಿಂದ ಕೂಗು.

“ಅವ ಹಂಗ ಹೇಳಿದ.”

“ಶುದ್ಧ ಸುಳ್ಳು! ಟೋಪಿ ಅಂದೇ ಇಲ್ಲ. ಬೂಟಿನ್ಯಾಗ ಉಣ್ತಾರೇನು ಅಂದಿದ್ದೆ!” ಎಂದಳು, ಎಂದವಳೇ ನಗತೊಡಗಿದಳು. ದಪ್ಪ ದನಿಯ ನಗು. ನಾನು ಬುಡದಿಂದ ತುದಿಯವರೆಗೆ ಕುಲುಕಿದೆ.

“ನಗಬ್ಯಾಡ ತಂಗೀ! ಏಣಿ ಅಲ್ಲಾಡತೈತಿ!”

“ಅಲ್ಲಾಡ್ಲಿ, ನಾ ಹಿಡದೀನಿ. ಏರ್ರಿ ನೀವು.”

ಗುಡ್ಡಪ್ಪ ಏರಿದ. ತಂತಿ ಹಿಡಿದ. ಸುತ್ತುತ್ತ, ಕೆಳಗೆ ನೋಡದೆ, ಕೇಳಿದ: “ತಂಗೀ, ಅದಕ್ಕ ಅವ ಏನಂದಾ? ‘ಅದಕ್ಕ ನಾ ಏನಂದೆ ಅಂದ್ರ’ ಅಂದಾಂವ, ಅಲ್ಲಿಗೇ ನಿಲ್ಲಿಸಿದ. ಏನಂದಿದ್ದ?”

ಅವಳು ಎರಡೂ ಗಳಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಕಾಲು ಇದ್ದಲ್ಲೇ ಇತ್ತು.

“‘ಹಂಗಾರ ಮೂರ ತಾಟು ತರಾಕ ಹೊಂಟೆ’ ಅಂದ್ರು. ಅಂದು ಹೋದ್ರು.”

ಮೇಲೆ ಸುತ್ತುವ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಸುತ್ತಿ ಮುಗಿಸಿತು. ಇಳಿದು ಬಂದು ಲೈನ್ ಕೊಡಿಸಿದಾಗ ಡಾಕ್ಟರ ಮನೆಯೊಳಗೆ ದೀಪ ಹತ್ತಿ, ಮಶೀನು ಗುಂಯ್ ಎಂದಿತು. ಓಣಿ “ಬಂತೂ!” ಎಂದಿತು. ಇಬ್ಬರೂ ನನ್ನನ್ನು ಎತ್ತಿಕೊಂಡು, ಮಾತಿಲ್ಲದೆ, ಆಫೀಸಿಗೆ ಬಂದರು. ಮರುದಿನ ಚಹದ ಲೋಟ ಗುಡ್ಡಪ್ಪನ ಕೈಗೇ ಬಂತು.

ಅವನ ಮೊಣಕಾಲು ನೋವು ಹೋಗಿ, ಮತ್ತೆ ಕಂಬ ಹತ್ತಿದ. ಕೆಳಗೆ ಯಾವ ಹುಡುಗ ನಿಂತರೂ ಮೊದಲು ಅವನ ಮೊಬೈಲು ಜೇಬಿಗೆ ಹಾಕಿಸುತ್ತಿದ್ದ. “ಮಾತಾಡಲೇ,” ಎನ್ನುತ್ತಿದ್ದ. “ಏನ್ ಮಾತಾಡಲ್ರೀ?” ಎಂದರೆ, “ಏನರ ಮಾತಾಡು. ಬೆಳಿಗ್ಗೆ ಏನ್ ತಿಂದಿ ಹೇಳು,” ಎನ್ನುತ್ತಿದ್ದ.

ಆಮೇಲಿನದು ಎಲ್ಲ ಏಣಿಗಳಿಗೂ ಆಗುವುದೇ. ಮಡಚುವ, ಹಗುರಾದ ಹೊಸ ಏಣಿಗಳು ಬಂದವು. ನನ್ನ ಗಳದಲ್ಲಿ ಸೀಳು ಕಂಡಿತು. ಬೇಡದ ಸಾಮಾನಿನ ಜೊತೆ ಹರಾಜಿಗಿಟ್ಟರು. ಮನೆಗಳಿಗೆ ಬಣ್ಣ ಬಳಿಯುವ ಬಸಲಿಂಗ ನನ್ನನ್ನು ಒಯ್ದ. ಅವನ ಕೈಯಲ್ಲಿ ನಾನು ಊರಿನ ಎಷ್ಟೋ ಮನೆಗಳ ಗೋಡೆಗೆ ಒರಗಿದೆ. ನನ್ನ ಮೈತುಂಬ ಹಳದಿ, ಗುಲಾಬಿ, ತಿಳಿನೀಲಿ ಹನಿಗಳು. ಬಣ್ಣದವನು ಒಬ್ಬನೇ ಹತ್ತುತ್ತಾನೆ, ಕೆಳಗೆ ಹಿಡಿಯುವವರು ಇರುವುದಿಲ್ಲ. ಮೇಲಿನ ಮೆಟ್ಟಿಲು ಮುರಿದ ವರ್ಷ ಅವನು ನನ್ನನ್ನು ನಡುವೆ ಗರಗಸದಿಂದ ಕೊಯ್ದ. ಮೇಲಿನದು ನೀರು ಕಾಯಿಸುವುದಕ್ಕೆ ಹೋಯಿತು. ಕೆಳಗಿನ ಅರ್ಧವನ್ನು ಹಿತ್ತಿಲ ಗೋಡೆಗೆ ನಿಲ್ಲಿಸಿ, ಅವನ ಸೊಸೆ ನೀಲವ್ವ ಬುಡದಲ್ಲಿ ಹೀರೇಬೀಜ ಊರಿದಳು. ಬಳ್ಳಿ ನನ್ನನ್ನು ಹತ್ತಿತು. ಹತ್ತುವವರಲ್ಲಿ ಇಷ್ಟು ಹಗುರ ಯಾರೂ ಇರಲಿಲ್ಲ.

ಹೋದ ಚಳಿಗಾಲದಲ್ಲಿ ಒಬ್ಬ ಮುದುಕ ಬಸಲಿಂಗನನ್ನು ಹುಡುಕಿಕೊಂಡು ಬಂದ. ಮೊಮ್ಮಗಳ ಮದುವೆ, ಮನೆಗೆ ಬಣ್ಣ ಹೊಡೆಸಬೇಕಂತೆ. ಬಸಲಿಂಗ ಹೊರಗೆ ಹೋಗಿದ್ದ. ಹಿತ್ತಿಲಲ್ಲಿ ಬಿಸಿಲಿದೆಯೆಂದು ನೀಲವ್ವ ಅಲ್ಲೇ ಕಂಬಳಿ ಹಾಸಿ ಕೂರಿಸಿದಳು. ಮುದುಕ ಹೆಗಲ ಮೇಲಿನ ಟವೆಲು ತೆಗೆದು ನನ್ನ ಮೆಟ್ಟಿಲಿಗೆ ಹಾಕಿದ. ಹಾಕುವಾಗ ಕೈ ತಾಗಿತು. ಗುಡ್ಡಪ್ಪನ ಕೈ.

ಅವನಿಗೆ ನನ್ನ ಗುರುತು ಸಿಗಲಿಲ್ಲ. ಸಿಗುವುದೂ ಕಷ್ಟ; ಅರ್ಧ ಮೈ, ಬಣ್ಣದ ಹನಿ, ಮೇಲೆ ಬಳ್ಳಿ.

ಚಹ ಕುಡಿಯುತ್ತ ನೀಲವ್ವನಿಗೂ ಅವಳ ಅತ್ತೆಗೂ ಹಳೆಯ ಕತೆ ಹೇಳಿದ. ಮುದುಕನಾದ ಮೇಲೆ ಅವನಿಗೆ ಮಾತು ಬಂದಿತ್ತು. ಬೀದಿ ದೀಪದ ಬಟ್ಟಲಲ್ಲಿ ಗುಬ್ಬಿ ಗೂಡು ಕಟ್ಟಿ ಮೊಟ್ಟೆ ಇಟ್ಟಿತ್ತಂತೆ. ಬಲ್ಬು ಉರಿದರೆ ಮೊಟ್ಟೆ ಸುಡುತ್ತವೆಂದು ದಾವಲಸಾಬನೆಂಬ ಅವನ ಗೆಳೆಯ ಬಲ್ಬನ್ನೇ ಬಿಚ್ಚಿಸಿ ಇಟ್ಟನಂತೆ. ಸಾಹೇಬರು ಬಂದು, ಈ ದೀಪ ಯಾಕೆ ಉರಿಯುತ್ತಿಲ್ಲ ಎಂದು ಗದರಿದರೆ, “ರಜಾದ ಮ್ಯಾಲೈತ್ರಿ ಸಾಹೇಬ್ರ,” ಎಂದನಂತೆ. ಯಾವ ರಜಾ ಎಂದರೆ, “ಬಾಣಂತನದ್ದು.”

ಅದು ಗುಬ್ಬಿಯಲ್ಲ, ಗೊರವಂಕ. ಬಲ್ಬು ಬಿಚ್ಚಿಸಿದ ಮೇಲೆ ಸಾಹೇಬರು ಬಂದದ್ದಲ್ಲ, ಬಿಚ್ಚುವಾಗಲೇ ಬಂದರು; ಗುಡ್ಡಪ್ಪ ಆಗ ನನ್ನ ಮೇಲೇ ಇದ್ದ. ಅವನು ಎರಡನ್ನೂ ತಪ್ಪಾಗಿ ಹೇಳಿದ. ಆದರೆ ಅತ್ತೆ ಸೊಸೆ ಇಬ್ಬರೂ ನಗಬೇಕಾದ ಕಡೆಯೇ ನಕ್ಕರು, ಅತ್ತೆಗಂತೂ ಚಹ ನೆತ್ತಿಗೇರಿತು. ಗುಡ್ಡಪ್ಪನೂ ಬೊಚ್ಚು ಬಾಯಿ ತೆರೆದು ನಕ್ಕ.

“ಅಯ್ಯ, ಅಂಥಾ ಮನಷ್ಯಾನ್ನ ಒಮ್ಮೆ ನಮ್ಮನಿಗೆ ಕರಕೊಂಡ ಬರ್ರಲ್ಲ ಅಜ್ಜಾ,” ಎಂದಳು ನೀಲವ್ವ, ಕಣ್ಣೊರೆಸಿಕೊಳ್ಳುತ್ತ. “ಕರದ್ರ ಬರ್ತಾರಿಲ್ಲೋ?”

“ಕರದ್ರ?” ಗುಡ್ಡಪ್ಪ ಲೋಟದೊಳಗೆ ನೋಡಿಕೊಂಡು ಇನ್ನೂ ನಗುತ್ತಲೇ ಇದ್ದ. “ಕರೀದಿದ್ರೂ ಬರ್ತಿದ್ದನವಾ ಅವ.”

ನೀಲವ್ವನ ನಗು ನಿಧಾನಕ್ಕೆ ನಿಂತಿತು. ಎಷ್ಟು ವರ್ಷವಾಯಿತು, ಏನಾಗಿತ್ತು ಎಂದು ಅವಳು ಕೇಳಲಿಲ್ಲ. ಕೆಟಲಿಯಲ್ಲಿ ಉಳಿದಿದ್ದ ಚಹವನ್ನು ಅವನ ಲೋಟಕ್ಕೆ ಬಗ್ಗಿಸಿದಳು. ಅವನು ಸಾಕು ಎನ್ನಲಿಲ್ಲ, ಕೂತು ಕುಡಿದ. ಬಿಸಿಲು ಸರಿಯಿತು. ಹೋಗುವಾಗ ನನ್ನ ಮೇಲಿನ ಟವೆಲನ್ನು, ಬಳ್ಳಿಗೆ ತಾಗದ ಹಾಗೆ, ಮೆಲ್ಲನೆ ಎತ್ತಿಕೊಂಡ.